ಎಂಜಿನ್ ನೀರು ಕುಡಿದಿದೆ ಸಾರ್, ನೀವು ಕಾಫಿ ಕುಡೀರಿ

ಸರ್ವಿಸ್ ಸೆಂಟರಿನ ಲೌಂಜಿನಲ್ಲಿ ಕೂತಿದ್ದೆ. ಗಾಜಿನ ಆಚೆ ನನ್ನ ಕಾರು ಬಾನೆಟ್ ತೆರೆದುಕೊಂಡು, ಹಲ್ಲಿನ ಡಾಕ್ಟರ ಮುಂದೆ ಬಾಯಿ ಕಳೆದು ಕೂತವರ ಹಾಗೆ ನಿಂತಿತ್ತು. ಗಾಜಿನ ಈಚೆ ಟಿವಿ. ಟಿವಿಯಲ್ಲಿ ಕ್ರಿಕೆಟ್. ಓವರ್ ಮುಗಿದ ಕೂಡಲೇ ಜಾಹೀರಾತು. ಅದೂ ನನ್ನದೇ ಇನ್ಶೂರೆನ್ಸ್ ಕಂಪನಿಯದು.

ಅದನ್ನು ನೀವೂ ನೋಡಿರುತ್ತೀರಿ. ಇಲ್ಲದಿದ್ದರೆ ಅದರ ಅಣ್ಣತಮ್ಮಂದಿರನ್ನಾದರೂ ನೋಡಿರುತ್ತೀರಿ. ಮದುವೆ ಮನೆ. ಹೂವು ಸುತ್ತಿದ ಕಾರು ರಿವರ್ಸ್ ಬರುತ್ತಾ ಮಂಟಪದ ಕಂಬಕ್ಕೆ ಗುದ್ದುತ್ತದೆ. ಬ್ಯಾಂಡು ನಿಲ್ಲುತ್ತದೆ. ಮಾವ ಎದೆ ಹಿಡಿದುಕೊಳ್ಳುತ್ತಾರೆ. ಆಗ ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೊಂಟದಿಂದ ಮೊಬೈಲ್ ತೆಗೆದು ಮೂರು ಸಲ ಒತ್ತುತ್ತಾರೆ. ಕ್ಲೈಮ್ ಆಯಿತು! ಬ್ಯಾಂಡು ಮತ್ತೆ ಶುರು. ಪುರೋಹಿತರೂ ಸೇರಿ ಎಲ್ಲರೂ ಕುಣಿಯುತ್ತಾರೆ.

ಪಕ್ಕದಲ್ಲಿ ಕೂತಿದ್ದವರು ಜೋರಾಗಿ ನಕ್ಕರು. ಹಾಗೆ ನಕ್ಕವರೇ ನನ್ನ ಕಾರಿನ ನಷ್ಟ ಎಷ್ಟು ಅಂತ ಲೆಕ್ಕ ಹಾಕಲು ಬಂದ ಇನ್ಶೂರೆನ್ಸ್ ಸರ್ವೇಯರ್ ಅಂತ ಹತ್ತು ನಿಮಿಷ ಆದ ಮೇಲೆ ಗೊತ್ತಾಯಿತು.

“ಎಂಜಿನ್ ನೀರು ಕುಡಿದಿದೆ ಸಾರ್” ಎಂದ ಮೆಕ್ಯಾನಿಕ್ ಹುಡುಗ, ಕೈ ಒರೆಸಿಕೊಳ್ಳುತ್ತಾ. “ಕನೆಕ್ಟಿಂಗ್ ರಾಡ್ ಬೆಂಡಾಗಿದೆ. ನೀವು ಕಾಫಿ ಕುಡೀರಿ.”

ಆದದ್ದಿಷ್ಟೇ. ಹಿಂದಿನ ರಾತ್ರಿ ಮಳೆ ಹೊಡೆದು ನಮ್ಮ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಬೆಳಿಗ್ಗೆ ಪ್ಯಾಂಟು ಮಡಚಿಕೊಂಡು ಇಳಿದು, ಕಾರನ್ನು ಮೇಲೆ ತರೋಣ ಅಂತ ಕೀ ತಿರುಗಿಸಿದೆ. ಅದು ಒಂದು ಸಲ ಕೆಮ್ಮಿತು. ಇನ್ನೊಂದು ಸಲ ತಿರುಗಿಸಿದೆ. ಆಮೇಲೆ ಕೆಮ್ಮಲೂ ಇಲ್ಲ.

ಸರ್ವೇಯರ್ ಬಹಳ ಸಮಾಧಾನದ ಮನುಷ್ಯ. “ನೀರು ನುಗ್ಗಿದ್ದಕ್ಕೆ ಕವರ್ ಇದೆ ಸರ್. ಸೀಟು, ಕಾರ್ಪೆಟ್ ಕ್ಲೀನಿಂಗ್ ಬರುತ್ತೆ. ಎಂಜಿನ್ ಹೋಗಿದ್ದು ನೀರಿನಿಂದ ಅಲ್ಲ, ನೀವು ಸ್ಟಾರ್ಟ್ ಮಾಡಿದ್ರಿಂದ. ಅದು ಕಾನ್ಸೀಕ್ವೆನ್ಶಿಯಲ್ ಲಾಸ್, ಅಂದ್ರೆ ಆಮೇಲೆ ಬೇರೆ ಕಾರಣಕ್ಕೆ ಆದ ನಷ್ಟ. ಬರಲ್ಲ.”

“ಕಾರು ತಗೊಂಡಿದ್ದೇ ಸ್ಟಾರ್ಟ್ ಮಾಡೋಕಲ್ವಾ?” ಅಂದೆ.

“ಎಂಜಿನ್ ಪ್ರೊಟೆಕ್ಟ್ ಅಂತ ಜಾಸ್ತಿ ದುಡ್ಡು ಕಟ್ಟಿ ತಗೊಳ್ಳೋ ಒಂದು ಆ್ಯಡ್ ಆನ್ ಇದೆ ಸರ್. ಅದು ತಗೊಂಡಿದ್ರೆ ಬರ್ತಿತ್ತು.”

ಅಜ್ಜಿ ಇದನ್ನು ಹೇಳಲೇ ಇಲ್ಲ ನೋಡಿ. ಮೂರು ಸಲ ಒತ್ತುವುದನ್ನು ತೋರಿಸಿದರು, ಕುಣಿಯುವುದನ್ನು ತೋರಿಸಿದರು. ನೀರಲ್ಲಿ ನಿಂತ ಕಾರಿನ ಕೀ ಮುಟ್ಟಬೇಡವೋ, ಮೊದಲು ಟೋಯಿಂಗ್‌ನವರನ್ನು ಕರೆಸು ಅನ್ನೋ ಒಂದೇ ಒಂದು ಉಪಯೋಗದ ಮಾತು ಆ ಮೂವತ್ತು ಸೆಕೆಂಡಿನಲ್ಲಿ ಇರಲಿಲ್ಲ.

ಆ ಅಜ್ಜಿಯ ಕನ್ನಡದ ಬಗ್ಗೆಯೂ ಒಂದು ಮಾತು. ಬಾಯಿ ಹಿಂದಿಯಲ್ಲಿ ಆಡುತ್ತದೆ, ಕಿವಿಗೆ ಕನ್ನಡ ಬೀಳುತ್ತದೆ. ಕ್ಲೈಮ್ ಆದ ಮೇಲೆ ಮೊಮ್ಮಗನ ಕೆನ್ನೆ ಹಿಂಡಿ “ಶಹಬ್ಬಾಸ್ ಪುತ್ರಾ! ಇನ್ನು ಚಿಂತೆ ಏತಕೆ?” ಅನ್ನುತ್ತಾರೆ. ಯಾವ ಜಿಲ್ಲೆಯ ಅಜ್ಜಿ ಸ್ವಾಮಿ ಇವರು? ಪೌರಾಣಿಕ ನಾಟಕದಲ್ಲಿ ಕುಂತಿ ಕರ್ಣನನ್ನು ಪುತ್ರಾ ಅಂದರೆ ಒಪ್ಪೋಣ. ನಮ್ಮಜ್ಜಿ ಆಗಿದ್ದರೆ “ಕಣ್ಣು ಎಲ್ಲಿಟ್ಟಿದ್ಯೋ ಮುಂಡೇದೆ” ಅಂತ ಬೈದು, ಆಮೇಲೆ ಮೆಣಸಿನಕಾಯಿ, ಉಪ್ಪು ತಂದು ಕಾರಿಗೂ ನನಗೂ ಒಟ್ಟಿಗೆ ದೃಷ್ಟಿ ತೆಗೆಯುತ್ತಿದ್ದರು.

ಕೊನೆಗೆ ಬರುವ ದನಿಯೂ ನಿಮಗೆ ಗೊತ್ತು. ಅಲ್ಲಿಯವರೆಗೆ ಹಾಯಾಗಿ ನಡೆದ ಜಾಹೀರಾತಿಗೆ ಇದ್ದಕ್ಕಿದ್ದಂತೆ ಬಸ್ಸು ತಪ್ಪಿಹೋಗುವ ಅವಸರ. ಸಾವಿರ ನಾಮವನ್ನು ನಾಲ್ಕು ಸೆಕೆಂಡಿನಲ್ಲಿ ಮುಗಿಸುವ ಪುರೋಹಿತರ ಹಾಗೆ ಯಾರೋ ಒಬ್ಬರು ನಿಯಮ, ಷರತ್ತು ಎಲ್ಲ ಓದಿ ಮುಗಿಸುತ್ತಾರೆ. ಅದರಲ್ಲಿ ನನಗೆ ಬಿಡಿಬಿಡಿಯಾಗಿ ಕೇಳಿಸಿದ್ದು ‘ಸಬ್ಜೆಕ್ಟ್ ಮ್ಯಾಟರ್ ಆಫ್ ಸಾಲಿಸಿಟೇಶನ್’ ಅನ್ನೋದು ಮಾತ್ರ. ವಿಮೆ ಅನ್ನುವುದು ಕೋರಿಕೆಯ ವಸ್ತುವಂತೆ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡಿ ಕೋರುವವರು ಅವರು. ಕ್ಲೈಮ್ ಹೊತ್ತಿಗೆ ಕೋರುವವರು ನಾವು. ಒಟ್ಟಿನಲ್ಲಿ ಕೋರಿಕೆಯೇ.

ನಮ್ಮವರು ಇದನ್ನೆಲ್ಲ ಕಲಿತದ್ದು ಎಲ್ಲಿಂದ ಅಂತ ಡಲ್ಲಾಸಿನಲ್ಲಿರುವ ತಂಗಿ ಮಗನ ಮನೆಗೆ ಹೋದಾಗ ಗೊತ್ತಾಯಿತು. ಅಮೆರಿಕದ ಟಿವಿಯಲ್ಲಿ ಕಾರಿನ ಇನ್ಶೂರೆನ್ಸ್ ಮಾರುವುದು ಒಂದು ಹಲ್ಲಿ. ಸುಳ್ಳಲ್ಲ. ಗೈಕೊ ಅಂತ ಕಂಪನಿ, 1936ರಲ್ಲಿ ಸರ್ಕಾರಿ ನೌಕರರಿಗೆ ವಿಮೆ ಮಾಡಲು ಶುರುವಾದದ್ದು. ಇಂಗ್ಲಿಷಿನಲ್ಲಿ ಹಲ್ಲಿಯ ಜಾತಿಗೆ ಗೆಕೊ ಅನ್ನುತ್ತಾರಲ್ಲ, ಹೆಸರು ಹತ್ತಿರ ಇದೆ ಅಂತ 1999ರಲ್ಲಿ ಹಲ್ಲಿಯನ್ನು ಕೆಲಸಕ್ಕೆ ಇಟ್ಟುಕೊಂಡರು. ಮೊದಲ ಜಾಹೀರಾತಿನಲ್ಲಿ ಅದು ‘ನಾನು ಗೆಕೊ, ಗೈಕೊ ಅಲ್ಲ, ನನಗೆ ಫೋನ್ ಮಾಡೋದು ನಿಲ್ಲಿಸಿ’ ಅಂತ ಗೋಳಾಡಿತ್ತು. ಈಗ ಲಂಡನ್ ಕಡೆಯ ಇಂಗ್ಲಿಷ್ ಮಾತಾಡಿಕೊಂಡು ಸುಖವಾಗಿದೆ. ಆ ಕಂಪನಿ ಜಾಹೀರಾತಿಗೆ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಜಾಸ್ತಿ ಸುರಿದದ್ದಿದೆ. ಅದೇ ಕಂಪನಿಯ ಜಾಹೀರಾತಿನಲ್ಲಿ ಗುಹೆಯಲ್ಲಿ ವಾಸಿಸುವ ಆದಿಮಾನವರೂ ಇದ್ದರು. ಅವರು ಎಷ್ಟು ಹೆಸರು ಮಾಡಿದರೆಂದರೆ 2007ರಲ್ಲಿ ಅವರದ್ದೇ ಒಂದು ಧಾರಾವಾಹಿ ಬಂತು. ಆರು ಕಂತಿಗೆ ನಿಂತುಹೋಯಿತು. ನಮ್ಮಲ್ಲಾಗಿದ್ದರೆ ಆರುನೂರು ಕಂತು ನಡೆದು, ಅತ್ತೆ ಸೊಸೆ ಜಗಳವೂ ಗುಹೆಯೊಳಗೇ ಆಗುತ್ತಿತ್ತು.

ಹಲ್ಲಿ ನೋಡಿ ನನಗೆ ಆಶ್ಚರ್ಯ ಆಗಲಿಲ್ಲ, ಸ್ವಲ್ಪ ಬೇಜಾರಾಯಿತು. ಮುಂದೆ ಬರುವ ಕಷ್ಟವನ್ನು ಹಲ್ಲಿಯ ಬಾಯಲ್ಲಿ ಹೇಳಿಸುವ ವ್ಯಾಪಾರ ನಮ್ಮದಲ್ವಾ? ನಾವು ಏನಾದರೂ ಮಾತಾಡುವಾಗ ಗೋಡೆಯ ಮೇಲೆ ಅದು ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಅಂತ ಬೆರಳಲ್ಲಿ ನೆಲ ತಟ್ಟುವವರು ನಾವು. ಪಂಚಾಂಗದ ಹಿಂದಿನ ಪುಟಗಳಲ್ಲಿ ಹಲ್ಲಿ ಬಿದ್ದ ಫಲದ ಕೋಷ್ಟಕವೇ ಇರುತ್ತದೆ. ಬಲಭುಜಕ್ಕೆ ಒಂದು ಫಲ, ಎಡಭುಜಕ್ಕೆ ಇನ್ನೊಂದು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಈಗ ನಿಮ್ಮ ಕಾರಿನ ಪಾಲಿಸಿ ತೆಗೆದು ಡಿಪ್ರಿಸಿಯೇಷನ್ ಪಟ್ಟಿ, ಅಂದರೆ ಹಳೆಯದಾಯಿತು ಅಂತ ಯಾವ ಭಾಗಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನೋ ಲೆಕ್ಕ ನೋಡಿ. ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗೆ ಅರ್ಧ ದುಡ್ಡು ಮುರಿದುಕೊಳ್ಳುತ್ತಾರೆ. ಫೈಬರ್‌ಗೆ ಶೇ 30. ಗಾಜಿಗೆ ಏನೂ ಮುರಿಯಲ್ಲ. ಹಲ್ಲಿ ಎಲ್ಲಿ ಬಿತ್ತು ಅನ್ನುವುದರ ಮೇಲೆ ಫಲ.

ಪರಿಹಾರದಲ್ಲಿ ಮಾತ್ರ ನಮ್ಮವರು ಒಂದು ಕೈ ಮುಂದೆ. ಕಂಚಿಯ ವರದರಾಜ ಸ್ವಾಮಿ ಗುಡಿಯಲ್ಲಿ ಚಾವಣಿಗೆ ಬಂಗಾರದ್ದೊಂದು ಬೆಳ್ಳಿಯದೊಂದು ಹಲ್ಲಿ ಇದೆ. ಹತ್ತಿ ಮುಟ್ಟಿ ಬಂದರೆ ಹಲ್ಲಿ ದೋಷ ಇಲ್ಲ. ಅಷ್ಟು ದೂರ ಹೋಗಲಾಗದವರು, ಮುಟ್ಟಿ ಬಂದವರನ್ನು ಮುಟ್ಟಿದರೂ ಸಾಕು. ನಮ್ಮ ಸೋದರತ್ತೆ ಒಮ್ಮೆ ಹೋಗಿ ಬಂದಿದ್ದಾರೆ. ಇವತ್ತಿಗೂ ಮೈಮೇಲೆ ಹಲ್ಲಿ ಬಿದ್ದರೆ ಇಡೀ ಮನೆತನ ಅವರ ಕೈ ಮುಟ್ಟಲು ಓಡುತ್ತದೆ. ಥರ್ಡ್ ಪಾರ್ಟಿ ಕವರ್ ಅಂದರೆ ಇದು. ಪ್ರೀಮಿಯಂ ಇಲ್ಲ, ರಿನ್ಯೂವಲ್ ಇಲ್ಲ, ಸರ್ವೇಯರ್ ಇಲ್ಲ. ಅತ್ತೆ ಯಾವತ್ತೂ ‘ಬರಲ್ಲ’ ಅಂದದ್ದಿಲ್ಲ.

ಅಮೆರಿಕದ್ದೇ ಇನ್ನೊಂದು ಕಂಪನಿ, ಆಲ್‌ಸ್ಟೇಟ್. ಅವರದು 2010ರಿಂದ ‘ಮೇಹೆಮ್’ ಅಂತ ಒಂದು ಪಾತ್ರ. ಕೋಟು ಟೈ ಹಾಕಿದ, ಮುಖದ ಮೇಲೆ ಗಾಯದ ಪಟ್ಟಿ ಅಂಟಿಸಿಕೊಂಡ ಒಬ್ಬ ನಟ ಅನಾಹುತವೇ ತಾನಾಗಿ ಬರುತ್ತಾನೆ. ಇವತ್ತು ಮರದ ಕೊಂಬೆಯಾಗಿ ಕಾರಿನ ಮೇಲೆ ಬೀಳುತ್ತಾನೆ, ನಾಳೆ ಇನ್ನೇನೋ ಆಗಿ ಅಡ್ಡ ಬರುತ್ತಾನೆ. ಬೆಂಗಳೂರಿಗೆ ಆ ಪಾತ್ರಕ್ಕೆ ನಟ ಬೇಡ. ನಮ್ಮ ಟ್ರಾಫಿಕ್ ಪೊಲೀಸರು 2018ರಲ್ಲಿ ಯಮನ ವೇಷ ಹಾಕಿದ ಕಲಾವಿದರೊಬ್ಬರನ್ನು ರಸ್ತೆಗೆ ಇಳಿಸಿ, ಹೆಲ್ಮೆಟ್ ಇಲ್ಲದವರಿಗೆ ಗುಲಾಬಿ ಹೂ ಕೊಡಿಸಿದ್ದರು. ಪಾಪ, ಯಮ ಕೂಡ ಅದೇ ಹೊಗೆಯಲ್ಲಿ ನಿಂತಿದ್ದ. ಆಮೇಲೆ 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ ಕೆರೆಯಾಯಿತು. ಯಮಲೂರಿನಲ್ಲಿ (ಹೆಸರಲ್ಲೇ ಇದೆ ನೋಡಿ) ಕೋಟಿ ಕೋಟಿಯ ಮನೆಗಳ ಮುಂದೆ ಕಾರುಗಳು ತೇಲಿದವು. ಸಾಫ್ಟ್‌ವೇರ್ ಹುಡುಗರು ಐಡಿ ಕಾರ್ಡ್ ನೇತು ಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಜಾಹೀರಾತು ಮಾಡುವವರು ಕೂತು ತಲೆ ಕೆಡಿಸಿಕೊಂಡರೂ ಇಷ್ಟು ಒಳ್ಳೆ ಸೀನು ಹೊಳೆಯುತ್ತಿರಲಿಲ್ಲ.

ಬೆಂಗಳೂರು ಅಂದಮೇಲೆ ದ್ರಾವಿಡ್ ಜಾಹೀರಾತು ಬಿಡಲಿಕ್ಕಾಗುತ್ತಾ? ಅದು ಇನ್ಶೂರೆನ್ಸಿನದಲ್ಲ, 2021ರ ಐಪಿಎಲ್ ಹೊತ್ತಿಗೆ ಬಂದ, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಕ್ರೆಡ್ ಆ್ಯಪ್‌ನದು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ರಾಹುಲ್ ದ್ರಾವಿಡ್ ಕೂಗಾಡಿ, ಪಕ್ಕದ ಕಾರಿನ ಕನ್ನಡಿಗೆ ಬ್ಯಾಟಿನಲ್ಲಿ ಬಾರಿಸಿ, ‘ಇಂದಿರಾನಗರದ ಗೂಂಡಾ ನಾನು’ ಅಂದದ್ದು. ಊರೆಲ್ಲ ನಕ್ಕಿತು. ನಾನೂ ಹೊಟ್ಟೆ ಹಿಡಿದು ನಕ್ಕೆ. ಈಗ ಮಾತ್ರ ಆ ಪಕ್ಕದ ಕಾರಿನ ಮಾಲೀಕನೇ ಕಣ್ಣ ಮುಂದೆ ಬರುತ್ತಾನೆ. ಗಾಜಿನ ದುಡ್ಡು ಪೂರ್ತಿ ಬರುತ್ತದೆ, ಸರಿ. ಕನ್ನಡಿಯ ಗೂಡು ಪ್ಲಾಸ್ಟಿಕ್ಕು, ಅರ್ಧ ಹೋಯಿತು. ಒಟ್ಟು ಬಿಲ್ಲಿನಲ್ಲಿ ಕಂಪಲ್ಸರಿ ಡಿಡಕ್ಟಿಬಲ್, ಅಂದರೆ ಅವನೇ ಕೈಯಿಂದ ಹಾಕಬೇಕಾದ್ದು ಅಂತ ಸಾವಿರ ರೂಪಾಯಿ ಹೋಯಿತು. ಹೊಡೆದವರ ಹೆಸರು ಬರೆಯಿರಿ ಅಂತ ಫಾರಂ ಕೊಟ್ಟರೆ ಅವನು ರಾಹುಲ್ ದ್ರಾವಿಡ್ ಅಂತ ಬರೆಯಬೇಕು. ಓದಿದವರು ಅವನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ದ್ರಾವಿಡ್ ಹಾಗೆಲ್ಲ ಮಾಡಲ್ಲ ಸರ್, ನೀವೇ ಏನೋ ಮಾಡಿರಬೇಕು.

ಇಷ್ಟೆಲ್ಲ ಮಾಡಿ ಇವರು ನಗಿಸುವ ಅಗತ್ಯವಾದರೂ ಏನು? ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಟ್ಟಲೇಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4,000. ದರವನ್ನೂ ಸರ್ಕಾರವೇ ಗೊತ್ತು ಮಾಡುತ್ತದೆ. ನನ್ನ ಕಾರಿನಂಥ 1000ದಿಂದ 1500 ಸಿಸಿಯ ಕಾರಿಗೆ ಯಾವ ಕಂಪನಿಗೆ ಹೋದರೂ 3,416 ರೂಪಾಯಿ. ಜಿಎಸ್‌ಟಿ ಸೇರಿದರೆ 4,030 ರೂಪಾಯಿ 88 ಪೈಸೆ. ಕಂದಾಯ ಕಟ್ಟಿ ಅಂತ ಯಾವ ಗ್ರಾಮ ಪಂಚಾಯಿತಿಯಾದರೂ ಹೀರೋ ಕರೆಸಿ ಕುಣಿಸುತ್ತದೆಯೇ? ನಗಿಸುವುದು ಅದಕ್ಕಲ್ಲ. ಅದರ ಜೊತೆಗೆ ಮಾರುವ ಓನ್ ಡ್ಯಾಮೇಜ್ (ನಮ್ಮದೇ ಕಾರಿನ ನಷ್ಟಕ್ಕೆ), ಜೀರೋ ಡೆಪ್ (ಡಿಪ್ರಿಸಿಯೇಷನ್ ಮುರಿಯದೆ ಇರೋದಕ್ಕೆ), ಮತ್ತೆ ನಾನು ತಗೊಳ್ಳದೆ ಕೆಟ್ಟ ಆ ಎಂಜಿನ್ ಪ್ರೊಟೆಕ್ಟು, ಇವುಗಳಿಗೆ. ಹಾಗಾದರೆ ಅದನ್ನಾದರೂ ಹೇಳಬಹುದಲ್ಲ. ಹೇಳಲ್ಲ. ಹೇಳಿದರೆ ನಗು ಬರಲ್ಲ.

ಸರ್ವೇಯರ್ ಕ್ಯಾಲ್ಕುಲೇಟರ್ ಒತ್ತಿದರು. ಸೀಟು, ಕಾರ್ಪೆಟ್ಟಿಗೆ 6,500. ಸಾವಿರ ಮುರಿದರೆ 5,500. “ಆದ್ರೆ ಇದನ್ನ ಕ್ಲೈಮ್ ಮಾಡಿದ್ರೆ ನಿಮ್ಮ ಎನ್‌ಸಿಬಿ ಹೋಗುತ್ತೆ ಸರ್. ಯೋಚನೆ ಮಾಡಿ.” ನೋ ಕ್ಲೈಮ್ ಬೋನಸ್. ಒಂದು ವರ್ಷ ಏನೂ ಕೇಳದೆ ಸುಮ್ನಿದ್ದರೆ ಮುಂದಿನ ವರ್ಷ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20 ಬಿಡುತ್ತಾರೆ. ಐದು ವರ್ಷ ಸುಮ್ನಿದ್ದರೆ ಶೇ 50. ಹೋಟೆಲಿಗೆ ಹೋಗಿ, ಊಟದ ದುಡ್ಡು ಕೊಟ್ಟು, ಎಲೆ ಮುಂದೆ ಕೂತು, ಉಣ್ಣದೆ ಎದ್ದು ಬಂದರೆ ನಾಳೆಯ ಊಟಕ್ಕೆ ರಿಯಾಯಿತಿ. ಐದು ದಿನ ಉಪವಾಸ ಬಿದ್ದರೆ ಅರ್ಧ ರೇಟು. ನನ್ನದು ಶೇ 35ಕ್ಕೆ ಬಂದು ನಿಂತಿತ್ತು. ಕ್ಲೈಮೇ ಬೇಡ ಅಂದೆ. ಸರ್ವೇಯರ್ ಕೈ ಕುಲುಕಿದರು. “ಒಳ್ಳೆ ನಿರ್ಧಾರ ಸರ್.”

ಎಂಜಿನ್ ಕೆಲಸಕ್ಕೆ ಎಸ್ಟಿಮೇಟ್ 1,40,000.

ತಮಾಷೆ ಸಾಕು. ಈ ಕಾರು ಕೊಂಡಾಗ ಬೆಲೆಯ ಶೇ 14 ಆಜೀವ ತೆರಿಗೆ ಕಟ್ಟಿದ್ದೇನೆ, ಅದರ ಮೇಲೆ ಸೆಸ್ಸು. ಪ್ರತಿ ವರ್ಷ ತಪ್ಪದೆ ಪ್ರೀಮಿಯಂ, ಅದರ ಮೇಲೆ ಶೇ 18 ಜಿಎಸ್‌ಟಿ. ನೀರು ಹರಿದುಹೋಗುವ ಜಾಗದಲ್ಲಿ ಕಟ್ಟಡ ಕಟ್ಟಿದವರಿಗೆ ಏನೂ ಆಗಲಿಲ್ಲ. ಕಟ್ಟಲು ಬಿಟ್ಟವರಿಗೆ ಏನೂ ಆಗಲಿಲ್ಲ. ಮೂವತ್ತು ಪುಟದ ಪಾಲಿಸಿಯನ್ನು ಯಾರೂ ಓದಲಾಗದ ಅಕ್ಷರದಲ್ಲಿ ಅಚ್ಚು ಹಾಕಿದವರಿಗೂ ಏನೂ ಆಗಲಿಲ್ಲ. ಇಡೀ ಪ್ರಕರಣದಲ್ಲಿ ತಪ್ಪು ಮಾಡಿದ್ದು ಅಂತ ಸಾಬೀತಾದದ್ದು ಕೀ ತಿರುಗಿಸಿದ ನನ್ನ ಬಲಗೈ ಒಂದೇ. ಅಷ್ಟರ ಮೇಲೆ ನಾನು ಟಿವಿ ನೋಡಿಕೊಂಡು ನಗಬೇಕು. ನಗು ಬರಲ್ಲ ಸ್ವಾಮಿ, ಸುಸ್ತಾಗಿದೆ.

ಇಂಗ್ಲೆಂಡಿನವರು ಒಂದು ವಿಷಯದಲ್ಲಿ ಮರ್ಯಾದಸ್ಥರು. ಅಲ್ಲಿ ಇನ್ಶೂರೆನ್ಸ್ ದರ ಹೋಲಿಸಿ ತೋರಿಸುವ ಗೋಕಂಪೇರ್ ಅನ್ನೋ ಕಂಪನಿ 2009ರಲ್ಲಿ ಮೀಸೆ ತಿರುವಿದ ಒಬ್ಬ ಗಾಯಕನನ್ನು ತಂದಿತು. ಅವನು ಎಲ್ಲೆಂದರಲ್ಲಿ ನುಗ್ಗಿ ಕಂಪನಿಯ ಹೆಸರನ್ನು ಗಂಟಲು ಹರಿಯುವಂತೆ ಹಾಡುತ್ತಿದ್ದ. ದೇಶದ ಅತಿ ಕಿರಿಕಿರಿ ಜಾಹೀರಾತು ಅಂತ ಜನ ಅದನ್ನೇ ಆರಿಸಿದರು. ಕೊನೆಗೆ 2012ರಲ್ಲಿ ಕಂಪನಿಯೇ ಹೊಸ ಜಾಹೀರಾತು ಮಾಡಿ, ಹಿಂದೊಮ್ಮೆ ಟೆನಿಸ್ ಆಟಗಾರ್ತಿಯಾಗಿದ್ದ ಸೂ ಬಾರ್ಕರ್ ಅವರ ಕೈಗೆ ರಾಕೆಟ್ ಲಾಂಚರ್ ಕೊಟ್ಟು ಅವನನ್ನು ಉಡಾಯಿಸಿತು. ನಮ್ಮ ಅಜ್ಜಿಗೆ ಹಾಗೇನೂ ಆಗುವುದು ಬೇಡ, ವಯಸ್ಸಾದವರು. ಡಬ್ಬಿಂಗ್ ಮಾಡಿದವರನ್ನು ಮಾತ್ರ ಒಂದು ಸಲ ಎದುರಿಗೆ ಕೂರಿಸಿದರೆ ಸಾಕು.

ಹೋದ ವಾರ ರಿನ್ಯೂವಲ್ ಬಂತು. ಈ ಸಲ ಹತ್ತು ಕಂಪನಿ ನೋಡಿಯೇ ಕಟ್ಟುತ್ತೇನೆ ಅಂತ ಶಪಥ ಮಾಡಿ ಕನ್ನಡಕ ಹಾಕಿಕೊಂಡು ಕೂತೆ. ಒಂದು ಹೆಸರೂ ಬಾಯಿಗೆ ಬರಲಿಲ್ಲ. ಹಲ್ಲಿ ನೆನಪಾಯಿತು, ಅದು ಇಲ್ಲಿ ಮಾರಲ್ಲ. ದ್ರಾವಿಡ್ ನೆನಪಾದರು, ಅವರದು ಬೇರೆ ವ್ಯಾಪಾರ. ಹೆಂಡತಿ ಅಡುಗೆಮನೆಯಿಂದಲೇ “ಅದೇರೀ, ಅಜ್ಜಿ ಬರ್ತಾರಲ್ಲ, ಅದು” ಅಂದಳು. ಬೆರಳು ಆಗಲೇ ಅದನ್ನು ಟೈಪ್ ಮಾಡಿತ್ತು. ಎಂಜಿನ್ ಪ್ರೊಟೆಕ್ಟಿಗೆ ಟಿಕ್ ಹಾಕಿದೆ. ಜೀರೋ ಡೆಪ್‌ಗೂ ಹಾಕಿದೆ. ಓಟಿಪಿ ಬಂತು, ದುಡ್ಡು ಹೋಯಿತು. ಮೊಬೈಲಿನ ಪರದೆ ತುಂಬ ಬಣ್ಣದ ಕಾಗದದ ಚೂರು ಉದುರಿದವು. ಅದರ ನಡುವೆ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ಒಂದು ಸುತ್ತು ಕುಣಿದು, ಕೆನ್ನೆ ಹಿಂಡುವ ಹಾಗೆ ಕೈ ಮುಂದೆ ಚಾಚಿದರು.

“ಶಹಬ್ಬಾಸ್ ಪುತ್ರಾ!”