ಸತ್ಯಾಂಶ: ತಿರುಗುವ ಹುಡುಗಿಗೂ ನಿಮ್ಮ ಸ್ವಭಾವಕ್ಕೂ ಸಂಬಂಧವಿಲ್ಲ

ಕಪ್ಪು ನೆರಳಿನಂಥ ಹುಡುಗಿಯೊಬ್ಬಳು ಒಂಟಿ ಕಾಲಲ್ಲಿ ಗಿರಗಿರ ತಿರುಗುವ ಚಿತ್ರ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಬರುತ್ತದೆ. ಗಡಿಯಾರದ ಮುಳ್ಳಿನಂತೆ ತಿರುಗಿದರೆ ನಿಮ್ಮದು ಬಲ ಮೆದುಳು, ಕಲ್ಪನೆ ಜಾಸ್ತಿ. ಉಲ್ಟಾ ತಿರುಗಿದರೆ ಎಡ ಮೆದುಳು, ಲೆಕ್ಕದಲ್ಲಿ ಚುರುಕು ಅಂತ ಕೆಳಗೆ ಬರೆದಿರುತ್ತಾರೆ.

ಹಾಗೇನಿಲ್ಲ. ಇದು ಜಪಾನಿನ ನೊಬುಯುಕಿ ಕಾಯಾಹಾರಾ 2003ರಲ್ಲಿ ಮಾಡಿದ, ಕಣ್ಣಿಗೆ ಮೋಸ ಮಾಡುವ ಚಿತ್ರ. ಬರೀ ನೆರಳು ತಾನೇ? ಯಾವ ಕಾಲು ಮುಂದಿದೆ, ಯಾವುದು ಹಿಂದಿದೆ ಎಂಬ ಸುಳಿವೇ ಇಲ್ಲ. ಹಾಗಾಗಿ ಎರಡು ದಿಕ್ಕೂ ಸರಿ. ಅವಳ ಪಾದವನ್ನಷ್ಟೇ ನೋಡುತ್ತಾ ಕಣ್ಣು ಮಿಟುಕಿಸಿ. ಥಟ್ಟನೆ ದಿಕ್ಕು ಬದಲಾಗಬಹುದು. ಸ್ವಭಾವ ಅಷ್ಟು ಬೇಗ ಬದಲಾಗಲ್ಲ ಅಲ್ವಾ?

ಎಡ-ಬಲದ ಮಾತು ಪೂರ್ತಿ ಸುಳ್ಳಲ್ಲ. ಹೆಚ್ಚಿನವರಲ್ಲಿ ಮಾತಿನ ಕೆಲಸ ಮುಖ್ಯವಾಗಿ ಎಡಭಾಗದ್ದೇ. ಆದರೆ 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದಾಗ, ಇಡೀ ಒಂದು ಬದಿಯನ್ನೇ ಜಾಸ್ತಿ ಬಳಸುವ ‘ಎಡದವರು’, ‘ಬಲದವರು’ ಸಿಗಲಿಲ್ಲ.

ಇನ್ನು ನಿಮ್ಮ ಗೆಳೆಯರಲ್ಲಿ ‘ನಂದೂ ಬಲ’ ಅನ್ನುವವರೇ ಹೆಚ್ಚಿದ್ದರೆ ಅದಕ್ಕೂ ಕಾರಣವಿದೆ. ಇಂಥ ಚಿತ್ರವನ್ನು ತುಸು ಮೇಲಿನಿಂದ ನೋಡುತ್ತಿದ್ದೇವೆ ಅಂದುಕೊಳ್ಳುವುದು ನಮ್ಮ ರೂಢಿ. ಹಾಗೆ ನೋಡಿದರೆ ಅವಳು ಗಡಿಯಾರದಂತೆಯೇ ತಿರುಗುತ್ತಾಳೆ.