ಕಟ್ಟ ಹಾಕುವುದು ಯಾರ ಕೆಲಸ ಸ್ವಾಮೀ?

12 ಹೊಳೆ ಹರಿಯುವ ಜಿಲ್ಲೆ ನಮ್ಮ ಕಾಸರಗೋಡು. ಮಳೆಗೇನೂ ಬರ ಇಲ್ಲ, ಆದರೂ ಮಾರ್ಚಿಗೆ ಅಡಕೆ ಸೋಗೆ ಜೋತು ಬೀಳುತ್ತದೆ. ಮಳೆ ನಿಂತ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಕಟ್ಟ (ಒಡ್ಡು) ಹಾಕಿ ನೀರು ಇಂಗಿಸುವುದು ಅಜ್ಜಂದಿರ ಕಾಲದ ಕ್ರಮ. ಈಗ ಅದಕ್ಕೂ ಫೈಲು. ಕೃಷಿಯವರನ್ನು ಕೇಳಿದರೆ "ತೋಡು ನಮ್ಮದಲ್ಲ, ಪಂಚಾಯತಿಗೆ ಹೋಗಿ". ಪಂಚಾಯತಿಯಲ್ಲಿ "ನೀರಾವರಿಯವರನ್ನು ಕೇಳಿ". ಅವರೋ "ಇದು ಮಣ್ಣು ಸಂರಕ್ಷಣೆಯವರದ್ದು ಭಟ್ರೇ". ಅಷ್ಟು ಹೊತ್ತಿಗೆ ನೀರು ಸಮುದ್ರ ಸೇರಿಯಾಗಿರುತ್ತದೆ.

ಒಂದು ಆಫೀಸಿನವರು ಕಟ್ಟಕ್ಕೆಂದು ಹೊಯಿಗೆ (ಮರಳು) ತುಂಬಲು ಪ್ಲಾಸ್ಟಿಕ್ ಚೀಲ ಕೊಟ್ಟರು. ಬಿಸಿಲಿಗೆ ಚೀಲ ಹರಿದು, ಅದರ ಬಿಳಿ ನೂಲು ತೋಡಿನುದ್ದಕ್ಕೂ ಬೇರು, ಕಲ್ಲಿಗೆ ಸುತ್ತಿಕೊಂಡಿತು. ಇನ್ನೊಂದು ಆಫೀಸಿನವರು ಬಂದು, ತೋಡಿಗೆ ಪ್ಲಾಸ್ಟಿಕ್ ಹಾಕಿದ್ದು ಯಾರೆಂದು ನನ್ನನ್ನೇ ಗದರಿಸಿದರು!

ಈ ಎಡಗೈ-ಬಲಗೈ ಆಟ ನಮಗೆ ಹೊಸತಲ್ಲ ಬಿಡಿ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಸರಕಾರದ್ದೇ ನಿಗಮ; ಆ ವಿಷದ ಸಂತ್ರಸ್ತರ ಪಟ್ಟಿ ಮಾಡಿದ್ದೂ ಸರಕಾರವೇ.

ಇವರೆಲ್ಲ ಒಂದೇ ಜೀಪಿನಲ್ಲಿ ಒಟ್ಟಿಗೆ ಬಂದು ತೋಡು ನೋಡಿದ್ದರೆ ಅರ್ಧ ಗಂಟೆಯ ಕೆಲಸ. ಬೇರೆ ಬೇರೆ ಜೀಪು, ಬೇರೆ ಬೇರೆ ದಿನ. ಚಹಾ ಮಾತ್ರ ಎಲ್ಲರಿಗೂ ನಮ್ಮ ಮನೆಯದ್ದೇ.