ಸೋತ ಕಥೆ ಹೇಳಿ, ಸೀಟು ತಗೊಳ್ಳಿ

ನಮ್ಮ ಕಾಲದಲ್ಲಿ ಕಾಲೇಜಿಗೆ ಸೇರಲು ಮಾರ್ಕ್ಸ್ ಕಾರ್ಡ್, ಟಿಸಿ, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಇದ್ದರೆ ಸಾಕಿತ್ತು. ನಾನು ಎಂಥ ಮನುಷ್ಯ ಅಂತ ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದೇ ಆಯ್ತು.

ಸೆಕೆಂಡ್ ಪಿಯುಗೆ ಬಂದ ಮಗಳು ಅಮೆರಿಕದಲ್ಲಿ ಓದುತ್ತೇನೆ ಅಂದಳು. ಅದೂ ನೂರು ಜನ ಅರ್ಜಿ ಹಾಕಿದರೆ ನಾಲ್ಕೈದು ಜನರನ್ನು ಮಾತ್ರ ಸೇರಿಸಿಕೊಳ್ಳುವಂಥ ಕಡೆ. ಅಲ್ಲಿನ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಕಾಮನ್ ಆ್ಯಪ್ ಅಂತ ಒಂದೇ ಅರ್ಜಿಯಂತೆ. ಒಂದೇ ಅಲ್ವಾ, ಒಂದು ಸಂಜೆಯ ಕೆಲಸ ಅಂದುಕೊಂಡೆ.

ಮೊದಲು ಚಟುವಟಿಕೆಗಳ ಪಟ್ಟಿ. ಹತ್ತರವರೆಗೆ ಬರೆಯಬಹುದು. ಎರಡು ವರ್ಷದಿಂದ ಕಾಲೇಜು, ಕೋಚಿಂಗ್, ಮನೆ ಬಿಟ್ಟು ಬೇರೇನೂ ನೋಡದ ಹುಡುಗಿ ಮೂರಕ್ಕೇ ನಿಂತಳು. ಗಣಪತಿ ಪೆಂಡಾಲಿನಲ್ಲಿ ಕೋಸಂಬರಿ ಹಂಚಿದ್ದನ್ನು ‘ಸಮಾಜ ಸೇವೆ’ ಅಂತ ಸೇರಿಸಿ ನಾಲ್ಕು ಮಾಡಿದೆವು. ವಿವರಕ್ಕೆ 150 ಅಕ್ಷರ ಜಾಗ. ಕೋಸಂಬರಿಗೆ ಅಷ್ಟು ಬೇಕಾಗಲಿಲ್ಲ.

ಆಮೇಲೆ 650 ಪದ ಮೀರದ ಪ್ರಬಂಧ. ಕೊಟ್ಟಿದ್ದ ವಿಷಯಗಳಲ್ಲಿ ಒಂದು, ನೀವು ಸೋತ ಸಂದರ್ಭ ಮತ್ತು ಅದರಿಂದ ಕಲಿತದ್ದು. ಮನೆಯಲ್ಲಿ ಸಭೆ ಸೇರಿತು.

“ನನ್ನ ಮಗಳು ಯಾವತ್ತು ಸೋತಿದ್ದಾಳೆ?” ಹೆಂಡತಿಗೆ ಸಿಟ್ಟು ಬಂತು.

“ಎಂಟನೇ ಕ್ಲಾಸಲ್ಲಿ ಗಣಿತಕ್ಕೆ 98 ಬಂದಿತ್ತಲ್ಲ,” ಅಂದೆ.

ಎಲೆ ಅಡಿಕೆ ಹಾಕುತ್ತಿದ್ದ ಅಮ್ಮ ಬಾಯಿ ಬಿಟ್ಟರು. “ಅಕ್ಕಿರೊಟ್ಟಿ ತಟ್ಟೋಕೆ ಹೋಗಿ ಕಾವಲಿಗೇ ಅಂಟಿಸಿದ್ದು? ಹಾಲು ಉಕ್ಕಿಸಿದ್ದು? ತುಳಸಿ ಗಿಡ ಒಣಗಿಸಿದ್ದು?” ಪಟ್ಟಿ ಮುಗಿಯುವ ಹಾಗೆ ಕಾಣಲಿಲ್ಲ. ಎರಡು ನಿಮಿಷದಲ್ಲಿ ಮಗಳಿಗೆ ಎಂಟು ಪ್ರಬಂಧಕ್ಕಾಗುವಷ್ಟು ಸೋಲು ಸಿಕ್ಕಿತು.

ಅವಳು ಅಕ್ಕಿರೊಟ್ಟಿ ಆರಿಸಿಕೊಂಡಳು. ಓದಿ ನೋಡಿದರೆ ಕಥೆಯ ಖಳನಾಯಕ ನಾನೇ. ‘ಕರಕಲು ರೊಟ್ಟಿ ತಿಂದು, ಚೆನ್ನಾಗಿದೆ ಎಂದು ಅಪ್ಪ ಸುಳ್ಳು ಹೇಳಿದರು. ಆದ್ದರಿಂದ ನಾನು ಎರಡು ವರ್ಷ ಹಾಗೇ ತಟ್ಟಿದೆ.’ ಮಕ್ಕಳಿಗೆ ಒಳ್ಳೆಯದು ಬಯಸಬಾರದು ನೋಡಿ.

ಮೇಷ್ಟರ ಶಿಫಾರಸು ಪತ್ರವೂ ಬೇಕಿತ್ತು. ಅದನ್ನು ಅವರೇ ನೇರ ಕಳಿಸಬೇಕು. ಫಿಸಿಕ್ಸ್ ಲೆಕ್ಚರರ್‌ಗೆ ಫೋನ್ ಮಾಡಿದೆ. “ಆಗಲೇ ಕಳಿಸಿದೆ ಸಾರ್. ‘ನಡತೆ ಉತ್ತಮವಾಗಿದೆ’ ಅಂತ.”

“ಮತ್ತೇನು ಬರೆದಿರಿ?”

“ಹುಡುಗಿ ಬಗ್ಗೆ ಅದಕ್ಕಿಂತ ಜಾಸ್ತಿ ಏನು ಬೇಕು ಸಾರ್?”

ಕೊನೆಯ ದಿನ ಜನವರಿ 1, ರಾತ್ರಿ 11:59. ನ್ಯೂಯಾರ್ಕ್ ಆಗ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಹಾಗಾಗಿ ನಮಗೆ ಎರಡನೇ ತಾರೀಖು ಬೆಳಗ್ಗೆ ಹತ್ತೂವರೆವರೆಗೆ ಟೈಮ್ ಇದೆ ಅಂತ ಲೆಕ್ಕ ಹಾಕಿ, ಮಗಳ ಬೆನ್ನು ತಟ್ಟಿ, ಮಲಗಲು ಹೊರಟೆ. ಹನ್ನೊಂದಕ್ಕೆ ಅವಳು ಕಿರುಚಿದಳು. ಅರ್ಜಿ ಹಾಕುವವರು ಇರುವ ಊರಿನ ಗಡಿಯಾರವೇ ಲೆಕ್ಕವಂತೆ. ಅಂದರೆ ಶಿವಮೊಗ್ಗದ್ದು.

ಶುಲ್ಕ ಡಾಲರ್‌ನಲ್ಲಿ. ನನ್ನ ಕಾರ್ಡ್ ತಿರಸ್ಕಾರ. ವಿದೇಶಿ ಪಾವತಿಯ ಸ್ವಿಚ್ಚನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಆ ಆ್ಯಪ್‌ನ ಪಾಸ್‌ವರ್ಡ್ ಮರೆತು ವರ್ಷವಾಗಿತ್ತು. 11:48. ಹೆಂಡತಿ ಮಾತಿಲ್ಲದೆ ತನ್ನ ಕಾರ್ಡ್ ತಂದು ಕೊಟ್ಟಳು. ಅದರಲ್ಲಿ ಸ್ವಿಚ್ ಆನ್ ಇತ್ತು. ಯಾಕೆ ಆನ್ ಇತ್ತು ಅಂತ ಕೇಳುವ ಹೊತ್ತಲ್ಲ ಅದು.

11:56ಕ್ಕೆ ಅರ್ಜಿ ಹೋಯಿತು. ಸ್ಕ್ರೀನ್ ತುಂಬ ಬಣ್ಣಬಣ್ಣದ ಕಾಗದದ ಚೂರು ಉದುರಿದವು. ಗಲಾಟೆಗೆ ಎದ್ದುಬಂದ ಅಮ್ಮ ಕಣ್ಣರಳಿಸಿದರು.

“ಸೀಟು ಸಿಕ್ತೇನೋ?”

“ಇಲ್ಲಮ್ಮ, ಅರ್ಜಿ ಹೋಯ್ತು ಅಷ್ಟೇ. ರಿಸಲ್ಟ್ ಮಾರ್ಚ್ ಕೊನೆಗೆ.”

“ಸುಮ್ನೆ ಯಾರಾದ್ರೂ ಹೂವು ಹಾಕ್ತಾರೇನೋ?”

ಬೆಳಗ್ಗೆ ಹಾಲು ತರಲು ಹೋದರೆ ಬೂತಿನವನು ಕೈ ಕುಲುಕಿದ. “ಫ್ಲೈಟ್ ಯಾವಾಗ ಸಾರ್?”